ಹೂವಿನಂಗಡಿಯವರು ಉಳಿಸಬೇಕಾದ್ದು ನಮ್ಮ ರೇಟಲ್ಲಲ್ಲ, ಅವರ ಕಸದ ಬುಟ್ಟೀಲಿ

ರೈತ ಮಿತ್ರರೇ, ಇವತ್ತಿನ ಬರಹ ಉದ್ದ ಇದೆ, ಸ್ವಲ್ಪ ಖಾರವೂ ಇದೆ. ಡೇರಿ ಮುಂದೆ ವಾರದಿಂದ ನಡೀತಿರೋ ಜಗಳದ ಮುಂದುವರಿದ ಭಾಗ ಅಂತಾನೇ ಓದ್ಕೊಳ್ಳಿ. ಹಾಲು ಹಾಕೋ ಹೊತ್ತಲ್ಲಿ ಪೂರ್ತಿ ಮಾತಾಡೋಕೆ ಯಾರೂ ಬಿಡಲ್ಲ, ಅದಕ್ಕೆ ಇಲ್ಲಿ ಬರೀತಿದ್ದೀನಿ.

ನಮ್ಮವರ ವಾದ ಏನು? "ನಾವು ಸೇವಂತಿಗೆ ಕೆ.ಜಿ. ಲೆಕ್ಕದಲ್ಲಿ ಕೊಡ್ತೀವಿ, ಮೆಜೆಸ್ಟಿಕ್ ಹತ್ರ ಅದನ್ನೇ ಗಿಡ್ಡ ಮೊಳ ಹಾಕಿ ಮಾರ್ತಾರೆ, ಲೂಟಿ." ಅತ್ತ ಪೇಟೆಯವರ ಕಡೆಯಿಂದ ಇನ್ನೊಂದು ಉಪದೇಶ ಮೊಬೈಲಿಂದ ಮೊಬೈಲಿಗೆ ಓಡಾಡ್ತಿದೆ: ಸಣ್ಣ ಹೂವಿನಂಗಡಿಯವರು ದುಡ್ಡು ಉಳಿಸೋದು ಹೇಗೆ ಅಂತ. ಬೆಳೆಗಾರನ ಹತ್ರ ಬಿಗಿಯಾಗಿ ಚೌಕಾಸಿ ಮಾಡಿ, ಸಂತೆ ಮುಗಿಯೋ ಹೊತ್ತಿಗೆ ಮಿಕ್ಕಿದ್ದನ್ನ ಅರ್ಧ ರೇಟಿಗೆ ಎತ್ತಿ, ತೋರಣಕ್ಕೆ ಪ್ಲಾಸ್ಟಿಕ್ ಹೂವು ಇಟ್ಕೊಳ್ಳಿ, ಕೊಳೆಯಲ್ಲ. ಇದು ಬುದ್ಧಿವಂತಿಕೆಯಂತೆ!

ಎರಡೂ ತಪ್ಪು. ಎರಡೂ ಕಡೆಯವರು ರೇಟನ್ನೇ ಹಿಡ್ಕೊಂಡು ಜಗ್ತಿದ್ದಾರೆ. ದುಡ್ಡು ಸೋರ್ತಿರೋದು ಬೇರೆ ಕಡೆ.

ಮೊದಲು ಲೆಕ್ಕ ಹಾಕೋಣ. ಉದಾಹರಣೆಗೆ ಒಬ್ಬ ಹೆಣ್ಣುಮಗಳು ಉಪ್ಪಾರಪೇಟೇಲಿ ಸಣ್ಣ ಹೂವಿನಂಗಡಿ ಇಟ್ಟಿದ್ದಾರೆ ಅನ್ನಿ. ಮಾರ್ಕೆಟ್ಟಲ್ಲಿ 10 ಕೆ.ಜಿ. ಸೇವಂತಿಗೆ, ಕೆ.ಜಿ.ಗೆ 80ರಂತೆ ತಗೊಂಡ್ರು. 800 ರೂಪಾಯಿ ಆಯ್ತು. ತಂದು ಗೋಣಿ ಮೇಲೆ ಸುರಿದ್ರೆ, ನೀರು ಕುಡಿದು ಕಪ್ಪಾದ ಎಸಳು, ಮುರಿದ ತೊಟ್ಟು, ಅಡಿಯಲ್ಲಿ ಬಿಸಿಯಾಗಿ ಬೆಂದ ಹೂವು ಎಲ್ಲಾ ಸೇರಿ 2 ಕೆ.ಜಿ. ಹೋಯ್ತು. ಕಟ್ಟೋಕೆ ಸಿಕ್ಕಿದ್ದು 8 ಕೆ.ಜಿ. ಅಂದ್ರೆ ಅವರಿಗೆ ಬಿದ್ದ ನಿಜವಾದ ರೇಟು 100. ಈಗ ಅವರು ಚೌಕಾಸಿ ಮಾಡಿ ಎರಡು ರೂಪಾಯಿ ಇಳಿಸಿದ್ರು ಅಂತಿಟ್ಕೊಳ್ಳಿ. 780 ಕೊಟ್ಟು 8 ಕೆ.ಜಿ. ಸಿಕ್ತು. 97 ರೂಪಾಯಿ 50 ಪೈಸೆ. ಅದೇ ನಾವು ಒಣಗಿದ, ಆರಿಸಿದ ಹೂವನ್ನ 90ಕ್ಕೆ ಕೊಟ್ರೆ? 900 ರೂಪಾಯಿ, ಅರ್ಧ ಕೆ.ಜಿ. ಹೋದ್ರೂ ಒಂಬತ್ತೂವರೆ ಉಳೀತು. 95 ರೂಪಾಯಿ ಚಿಲ್ಲರೆ ಕೂಡ ಬೀಳಲ್ಲ. ನಮಗೆ ಹತ್ತು ರೂಪಾಯಿ ಜಾಸ್ತಿ ಕೊಟ್ಟೂ ಅವರಿಗೆ ಐದು ರೂಪಾಯಿ ಉಳೀತು. ಇದರಲ್ಲಿ ಮ್ಯಾಜಿಕ್ ಏನಿಲ್ಲ, ಕಸಕ್ಕೆ ಹೋಗೋದು ಕಮ್ಮಿ ಆಯ್ತು ಅಷ್ಟೇ.

ನಮ್ಮ ಕಡೆ ಲೆಕ್ಕವೂ ಹಾಕ್ಲೇಬೇಕು, ಇಲ್ಲಾಂದ್ರೆ ಕಾಮೆಂಟಲ್ಲಿ ಹಿಡೀತೀರಿ. ಆರಿಸಿದ್ರೆ ಕಳಪೆ ಹೂವು ನಮ್ಮಲ್ಲೇ ಉಳಿಯುತ್ತೆ. 11 ಕೆ.ಜಿ. ಕಿತ್ತು 10 ಕೆ.ಜಿ. ಕಳಿಸಿದೆವು ಅನ್ನಿ. 900ನ್ನ 11ರಿಂದ ಭಾಗಿಸಿದ್ರೆ ಕೆ.ಜಿ.ಗೆ 81 ರೂಪಾಯಿ ಮೇಲೆ ಸಿಕ್ತು. ಮಂಡಿಗೆ 80ರಂತೆ ಹಾಕಿ ನೂರಕ್ಕೆ ಹತ್ತು ಕಮಿಷನ್ ಕಳೆದ್ರೆ 72. ಒಂದು ಗಂಟೆ ಆರಿಸೋ ಕೆಲಸಕ್ಕೆ ಇಷ್ಟು ಸಿಕ್ಕಿದ್ರೆ ನನ್ನ ಮಟ್ಟಿಗೆ ಸಾಕು.

ಈಗ ಖಾರದ ಮಾತು. ಆ 2 ಕೆ.ಜಿ. ಕಸ ಎಲ್ಲಿಂದ ಬಂತು? ಹೂವು ಕಿತ್ತ ಮೇಲೆ ಪೈಪಿಂದ ನೀರು ಹೊಡೆದು ಚೀಲಕ್ಕೆ ತುಂಬೋರು ನಮ್ಮ ನಡುವೆಯೇ ಇದ್ದಾರೆ. ತೂಕ ಬರುತ್ತೆ ಅಂತ. ಮಂಜು ಆರೋ ಮೊದಲೇ ಕಿತ್ತು ಒದ್ದೆಯಾಗಿಯೇ ಒತ್ತೋರು ಇದ್ದಾರೆ. ಮೇಲೆ ದಪ್ಪ ಪೂರ್ಣಿಮಾ, ಅಡಿಯಲ್ಲಿ ನಿನ್ನೆ ಮಿಕ್ಕಿದ್ದು. ಉಪ್ಪಾರಪೇಟೆಯ ಒಬ್ಬ ಹೂವಿನ ಅಮ್ಮ ನನಗೆ ಹೇಳಿದ ಮಾತು ಹಾಗೇ ಬರೀತೀನಿ: "ಅಣ್ಣಾ, ನಿಮ್ಮೋರ ಚೀಲ ಮೇಲ್ ನೋಡಿದ್ರೆ ಮದ್ಲಗಿತ್ತಿ, ಕೈ ಒಳಗ್ ಹಾಕುದ್ರೆ ತಿಪ್ಪೆ." ಆಯಮ್ಮ ನಕ್ಕೊಂಡೇ ಹೇಳಿದ್ರು. ನನಗೆ ನಗು ಬರಲಿಲ್ಲ. ನೀರಿನ ತೂಕಕ್ಕೆ ಸಿಕ್ಕ ದುಡ್ಡು ಒಂದು ದಿನದ್ದು. ಮಾರನೇ ದಿನ ಆಕೆ ಎಲ್ಲರ ಹೂವಿಗೂ ಅದೇ ಲೆಕ್ಕದಲ್ಲಿ ರೇಟು ಮುರೀತಾರೆ, ಒಣ ಹೂವು ತಂದವನಿಗೂ ಸೇರಿಸಿ.

"ಅಂಗಡಿಯವರೇ ನೀರು ಹೊಡೀತಾರಲ್ಲ" ಅಂತೀರಿ. ಹೊಡೀತಾರೆ. ಆದರೆ ಕಟ್ಟಿದ ಮಾಲೆ ಮೇಲೆ ಅಂಗಡೀಲಿ ಸಣ್ಣಗೆ ಚಿಮುಕಿಸೋದು ಬೇರೆ, ನಾಲ್ಕು ಗಂಟೆ ಬಿಗಿಯಾಗಿ ಕಟ್ಟಿದ ಚೀಲದೊಳಗೆ ನೀರಲ್ಲಿ ಬೇಯಿಸೋದು ಬೇರೆ. ಕಿತ್ತ ಹೂವು ಉಸಿರಾಡುತ್ತೆ, ಬಿಸಿ ಬಿಡುತ್ತೆ. ಗಾಳಿ ಆಡೋ ಕುಕ್ಕೆ ಅಥವಾ ತೂತಿರೋ ಕ್ರೇಟು, ಅಡಿಗೆ ಬಾಳೆ ಎಲೆ ಸಾಕು. ಮಲ್ಲಿಗೆ, ಕಾಕಡ ಮೊಗ್ಗಿರುವಾಗಲೇ ಕೀಳಬೇಕು ಅನ್ನೋದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಸುಗಂಧರಾಜಕ್ಕೂ ಅದೇ. ಹೆಸರಘಟ್ಟದ ಐಐಎಚ್‌ಆರ್‌ನವರ ಅರ್ಕಾ ಪ್ರಜ್ವಲ್ ಹಾಕಿರೋರಿಗೆ ಗೊತ್ತು, ದಪ್ಪ ಮೊಗ್ಗು ಕಟ್ಟೋರಿಗೆ ಎಷ್ಟು ಇಷ್ಟ ಅಂತ.

ಇನ್ನು ದಾರಿಯ ವಿಷಯ. ಇದನ್ನ ನೆನೆಸಿಕೊಂಡ್ರೆ ನನಗೆ ಹೊಟ್ಟೆ ಉರಿಯುತ್ತೆ. ನಮ್ಮ ದೊಡ್ಡಬಳ್ಳಾಪುರ ಕಡೆಯಿಂದ ಹೂವು ಹೊರಟು ಬೆಂಗಳೂರು ಸೇರುತ್ತೆ. ಬಸ್ಸಲ್ಲಿ ಹಾಕಿದ್ರೆ ಮೆಜೆಸ್ಟಿಕ್ಕಲ್ಲಿ ಇಳಿಯುತ್ತೆ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಮಗ್ಗುಲಲ್ಲೇ ಉಪ್ಪಾರಪೇಟೆ. ಅಲ್ಲಿ ಇಳಿದ ಹೂವು ಆಟೋ ಹತ್ತಿ ಎರಡು-ಎರಡೂವರೆ ಕಿಲೋಮೀಟರ್ ಆಚೆ ಕೆ.ಆರ್. ಮಾರ್ಕೆಟ್ಟಿಗೆ ಹೋಗುತ್ತೆ. ಅಲ್ಲಿ ಕೂಲಿ, ಕಮಿಷನ್, ಚೀಲದ ತೂಕ ಅಂತ ಒಂದಿಷ್ಟು ಕಳೀತಾರೆ. ಆಮೇಲೆ ಉಪ್ಪಾರಪೇಟೆ ಅಮ್ಮ ಮಾರ್ಕೆಟ್ಟಿಗೆ ನಸುಕಲ್ಲೇ ಹೋಗಿ, ಅದೇ ಹೂವನ್ನ ಅದೇ ದಾರೀಲಿ ಆಟೋದಲ್ಲಿ ವಾಪಸ್ ತರ್ತಾರೆ. ಆಕೆ ಅಂಗಡಿ ಮುಂದೆ ಹಾದುಹೋದ ಹೂವು ಆಕೆಗೆ ಸಿಗೋ ಹೊತ್ತಿಗೆ ಎರಡು ಆಟೋ, ಎರಡು ಕೂಲಿ ಮೈಮೇಲೆ ಹೊತ್ಕೊಂಡಿರುತ್ತೆ. ಬಾಡಿರುತ್ತೆ ಕೂಡ.

ಹಿಂದೆ ಹೀಗಿರಲಿಲ್ಲ. ತಿಗಳರಪೇಟೆ ಅಂತ ಪೇಟೆಯೊಳಗೇ ಹೆಸರಿದೆ. ತೋಟ ಮಾಡೋರು ಊರೊಳಗೇ ಇದ್ರು, ಈಗಲೂ ಚೈತ್ರ ಹುಣ್ಣಿಮೆಗೆ ಕರಗ ಹೊರೋದು ಅವರೇ. ಉಪ್ಪಾರಪೇಟೆ ಹತ್ರ ತುಳಸಿತೋಟ ಅಂತ ಹೆಸರು ಉಳಿದಿದೆ, ಈಗ ಪಾರ್ಕು. ಬೆಳೆಯೋನು ಮಾರೋಳ ಮುಖ ನೋಡ್ತಿದ್ದ. ಈಗ ನಲವತ್ತು ಕಿಲೋಮೀಟರ್ ದೂರ, ನಡುವೆ ನಾಲ್ಕು ಕೈ.

ಮಂಡಿಯವರನ್ನ ಬೈಯೋಕೆ ನಾನು ಇದನ್ನ ಬರೀತಿಲ್ಲ. ಕ್ವಿಂಟಾಲ್ ಹೂವು ಒಂದೇ ಸಲ ತಂದ್ರೂ ಬೇಡ ಅನ್ನಲ್ಲ, ಮಗಳ ಮದುವೆಗೆ ಮುಂಗಡ ಕೊಡ್ತಾರೆ. ಆ ಮುಂಗಡಕ್ಕೇ ನಾವು ಕಟ್ಟುಬಿದ್ದಿರೋದು ಕೂಡ ಹೌದು. ನಾನು ಹೇಳ್ತಿರೋದು ಇಷ್ಟೇ: ನೂರು ಕೆ.ಜಿ.ಲಿ ಎಂಬತ್ತು ಮಂಡಿಗೇ ಹೋಗಲಿ. ಇಪ್ಪತ್ತು ಬಸ್ಸಿಂದ ಇಳಿದ ಜಾಗದಲ್ಲೇ ಅಂಗಡಿಗಳಿಗೆ ಹೋಗಲಿ. ತರಕಾರಿ-ಹಣ್ಣಿಗೆ 1959ರಲ್ಲೇ ದ್ರಾಕ್ಷಿ ಬೆಳೆಗಾರರು ಸೇರಿ ಸಹಕಾರ ಸಂಘ ಮಾಡಿದ್ರು, ಅದೇ ಆಮೇಲೆ ಹಾಪ್‌ಕಾಮ್ಸ್ ಆಯ್ತು. ಹಾಲೆಂಡಿನ ಅಲ್ಸ್‌ಮೀರ್‌ನಲ್ಲಿ ಹೂವಿನ ಹರಾಜು ನಡೆಸೋದೇ ಬೆಳೆಗಾರರ ಸಹಕಾರ ಸಂಘ. ನಾವು ಮೂರು ಮನೆಯವರು ಸೇರಿ ಒಂದು ತಕ್ಕಡಿ ಇಟ್ಟು ಒಂದು ಬಸ್ಸಿಗೆ ಹೂವು ಹಾಕೋಕೆ ಆಗಲ್ವಾ?

ಅಂಗಡಿಯವರ ಇನ್ನೊಂದು ಖರ್ಚು ನಮಗೆ ಕಾಣೋದೇ ಇಲ್ಲ. ಬಡ್ಡಿ. ಬೆಳಗ್ಗೆ 900 ಕೈಗೆ ಕೊಟ್ಟು ಸಂಜೆ 1,000 ವಸೂಲಿ ಮಾಡೋ ಸಾಲ ಪೇಟೇಲಿ ಇವತ್ತಿಗೂ ನಡೆಯುತ್ತೆ. ಮೇಲಿನ ಲೆಕ್ಕಕ್ಕೇ ಸೇರಿಸಿ ನೋಡಿ. ಒಂಬತ್ತೂವರೆ ಕೆ.ಜಿ. ಹೂವಿನ ಮೇಲೆ ನೂರು ರೂಪಾಯಿ, ಅಂದ್ರೆ ಕೆ.ಜಿ.ಗೆ ಹತ್ತು ರೂಪಾಯಿ ಮೇಲೆ ಬಡ್ಡಿಗೇ ಹೋಯ್ತು. ನಮ್ಮ ಹತ್ರ ಎರಡು ರೂಪಾಯಿಗೆ ಕಿತ್ತಾಡೋ ಹೆಂಗಸು ಸಂಜೆ ಹತ್ತು ರೂಪಾಯಿ ಸುಮ್ಮನೆ ಎಣಿಸಿ ಕೊಡ್ತಾರೆ, ಯಾಕಂದ್ರೆ ಅಲ್ಲಿ ಬಾಯಿ ತೆರೆಯೋ ಹಾಗಿಲ್ಲ. ಇದಕ್ಕೇ ಅಂತ 2018ರ ನವೆಂಬರಲ್ಲಿ ರಾಜ್ಯ ಸರ್ಕಾರ ಬಡವರ ಬಂಧು ಅಂತ ಬಡ್ಡಿ ಇಲ್ಲದ ಸಾಲ ತಂತು, ಸಹಕಾರಿ ಬ್ಯಾಂಕುಗಳ ಮೂಲಕ, 10,000ದವರೆಗೆ. 2020ರ ಜೂನಲ್ಲಿ ಕೇಂದ್ರದ ಸ್ವನಿಧಿ ಬಂತು, ಮೊದಲ ಕಂತು 10,000 ಇತ್ತು, ಈಗ 15,000 ಆಗಿದೆ, ಸರಿಯಾಗಿ ಕಟ್ಟಿದ್ರೆ 7 ಪರ್ಸೆಂಟ್ ಬಡ್ಡಿ ವಾಪಸ್ ಖಾತೆಗೆ ಬರುತ್ತೆ. ಬೀದಿ ವ್ಯಾಪಾರಿ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ ಬೇಕು. ನೀವು ಹೂವು ಹಾಕೋ ಅಮ್ಮಂದಿರ ಹತ್ರ ಇದನ್ನ ಒಂದು ಮಾತು ಕೇಳಿ. ಅವರ ಬಡ್ಡಿ ಇಳಿದ್ರೆ ನಮ್ಮ ಹೂವಿಗೆ ಕೊಡೋ ದುಡ್ಡು ಅಲ್ಲೇ ಹುಟ್ಟುತ್ತೆ. ನಮ್ಮದೇ ಜೇಬಿನ ವಿಷಯ, ಪರೋಪಕಾರ ಅಂದ್ಕೋಬೇಡಿ.

ಸಣ್ಣಪುಟ್ಟ ಸಾಮಾನಿನ ಖರ್ಚೂ ದಿನಾ ಸೇರ್ತಾ ಹೋಗುತ್ತೆ. ದಾರದ ಉಂಡೆ ಚಿಲ್ಲರೇಲಿ ತಗೊಳ್ಳೋ ಬದಲು ನಾಲ್ಕು ಅಂಗಡಿಯವರು ಸೇರಿ ಚಿಕ್ಕಪೇಟೆ ಸುತ್ತಿನ ಸಗಟು ಅಂಗಡೀಲಿ ತಿಂಗಳಿಗೆ ಒಂದು ಸಲ ತಂದ್ರೆ ಸಾಕು, ನಡೆದುಹೋಗೋ ದೂರ. ಆದರೆ ನನಗೆ ಬೇಜಾರಾಗೋದು ಬಾಳೆ ನಾರಿನ ವಿಷಯಕ್ಕೆ. ಗೊನೆ ಕಡಿದ ಮೇಲೆ ದಿಂಡನ್ನ ನಾವು ಬದುವಿಗೆ ಎಸೀತೀವಿ. ಅದರ ಹೊರಗಿನ ಪಟ್ಟೆ ಬಿಸಿಲಿಗೆ ಒಣಗಿಸಿ ಸುರುಳಿ ಮಾಡಿ ಕೊಟ್ರೆ ಅವರು ನೆನೆಸಿ ಸೀಳ್ಕೊಂಡು ಕಟ್ತಾರೆ. ನಾರಲ್ಲಿ ಕಟ್ಟಿದ ಹೂವು ತಂಪಾಗಿರುತ್ತೆ, ತೊಟ್ಟು ಕುಯ್ಯಲ್ಲ. ಪ್ಲಾಸ್ಟಿಕ್ ಕವರು ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ, ಹಿಡಿದ್ರೆ ದಂಡ. ಮುತ್ತುಗದ ಎಲೆ, ಬಾಳೆ ಎಲೆ ನಮ್ಮಲ್ಲಿ ಕೊಳೀತಿದೆ. ಮರುಗ, ದವನ, ತುಳಸಿ ಬದುವಿನಲ್ಲಿ ಎರಡು ಸಾಲು ಹಾಕಿ. ಪೇಟೇಲಿ ಹಿಡಿ ಲೆಕ್ಕದಲ್ಲಿ ಕೊಳ್ಳೋ ಮಾಲು ಅದು. ಹೂವಿನ ಕುಕ್ಕೆ ಜೊತೆ ಒಂದು ಕಟ್ಟು ಹೋದ್ರೆ ಅವರಿಗೆ ಮಾಲೆ ತುಂಬುತ್ತೆ, ನಮಗೆ ಚಿಲ್ಲರೆ ಹುಟ್ಟುತ್ತೆ.

ಒಂದು ಪುಕ್ಕಟೆ ಉಳಿತಾಯವನ್ನೂ ಹೇಳಿಬಿಡ್ತೀನಿ. ದೇವಸ್ಥಾನದ ಹತ್ರದ ಅಂಗಡಿಗಳಲ್ಲಿ ಹಣ್ಣು-ಕಾಯಿ-ಹೂವು ಒಂದೇ ಬುಟ್ಟೀಲಿ ಇಟ್ಟಿರ್ತಾರೆ. ಮಾಗಿದ ಬಾಳೆಹಣ್ಣು ಎಥಿಲೀನ್ ಅನ್ನೋ ಗಾಳಿ ಬಿಡುತ್ತೆ. ಕಾಯಿ ಹಣ್ಣಾಗೋದು ಅದರಿಂದಲೇ, ಗುಲಾಬಿ ಎಸಳು ಉದುರೋದೂ ಅದರಿಂದಲೇ. ರಾತ್ರಿ ಹೂವನ್ನ ಬಾಳೆಗೊನೆಯಿಂದ ದೂರ ಇಟ್ರೆ ಸಾಕು. ನಾನು ಹೇಳಿದಾಗ ಆಯಮ್ಮ ನಂಬಲಿಲ್ಲ, "ಹಣ್ಗೂ ಹೂವ್ಗೂ ಏನ್ ಜಗ್ಳ ಅಣ್ಣಾ" ಅಂದ್ರು. ಮೂರು ದಿನ ಆದಮೇಲೆ ಅವರೇ ಪಕ್ಕದ ಅಂಗಡಿಯವಳಿಗೆ ಹೇಳ್ತಿದ್ರು.

ಪ್ಲಾಸ್ಟಿಕ್ ಹೂವಿನ ಬಗ್ಗೆ ಹೆಚ್ಚು ಬರೆಯಲ್ಲ, ಬರೆದ್ರೆ ಬಾಯಿ ಕೆಡುತ್ತೆ. ಆದರೆ ಅದು ಯಾವಾಗ ಅಂಗಡಿಗೆ ಬಂತು ಅನ್ನೋದನ್ನ ಯೋಚನೆ ಮಾಡಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಕನಕಾಂಬರ ಸಾವಿರ ದಾಟೋದು, ಪಿತೃಪಕ್ಷದಲ್ಲಿ ಚೆಂಡು ಹೂವು ರಸ್ತೆಗೆ ಸುರಿಯೋದು, ಎರಡನ್ನೂ ನಾವೇ ನೋಡಿದ್ದೀವಿ. ಇವತ್ತು ಎಷ್ಟಿರುತ್ತೋ ಗೊತ್ತಿಲ್ಲ ಅನ್ನೋ ಮಾಲನ್ನ ಇಟ್ಕೊಂಡು ಸಣ್ಣ ಅಂಗಡಿ ನಡೆಯಲ್ಲ. ಗೃಹಪ್ರವೇಶದ ತೋರಣಕ್ಕೆ ಹದಿನೈದು ದಿನ ಮೊದಲೇ ರೇಟು ಹೇಳಬೇಕು. ಹೂವಿನ ರೇಟು ಗೊತ್ತಿಲ್ಲ, ಪ್ಲಾಸ್ಟಿಕ್ಕಿಂದು ಗೊತ್ತು. ಆಕೆ ಯಾವುದನ್ನ ಹೇಳ್ತಾರೆ?

ಅದಕ್ಕೇ ಹೋದ ಕಾರ್ತಿಕದಿಂದ ನಾನು ಇಬ್ಬರು ಅಂಗಡಿಯವರ ಜೊತೆ ಮಾಡಿಕೊಂಡಿರೋ ಒಪ್ಪಂದ ಇಲ್ಲಿ ಬಿಚ್ಚಿಡ್ತೀನಿ. ಕಾಗದ ಇಲ್ಲ, ಬಾಯಿಮಾತು. ಸೇವಂತಿಗೆ ಮಾರ್ಕೆಟ್ ರೇಟು ಎಷ್ಟೇ ಬೀಳಲಿ, ಅವರು 60ಕ್ಕಿಂತ ಕಮ್ಮಿ ಕೊಡೋ ಹಾಗಿಲ್ಲ. ಎಷ್ಟೇ ಏರಲಿ, ನಾನು 140ಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ. ನಡುವೆ ಇದ್ರೆ ಅವತ್ತಿನ ರೇಟು ಮೇಲೆ ಹತ್ತು ರೂಪಾಯಿ, ಆರಿಸಿದ್ದಕ್ಕೆ. ಒದ್ದೆ ಹೂವು ಬಂದ್ರೆ ಮರುದಿನ ಅದರ ತೂಕದಷ್ಟು ನಾನು ಪುಕ್ಕಟೆ ಹಾಕಬೇಕು. ವಾರಕ್ಕೊಮ್ಮೆ ದುಡ್ಡು, ಸಾಲ ಹೇಳೋ ಹಾಗಿಲ್ಲ.

"ಹಬ್ಬಕ್ಕೆ 300 ಇದ್ದಾಗ 140ಕ್ಕೆ ಕೊಡೋನು ಹುಚ್ಚ" ಅಂತ ಡೇರಿ ಮುಂದೆ ನನಗೆ ಅಂದ್ರಲ್ಲ, ಅವರಿಗೆ ಉತ್ತರ: ಕೊಟ್ಟಿದ್ದೀನಿ. ನೂರರಲ್ಲಿ ಇಪ್ಪತ್ತು ಕೆ.ಜಿ. ಮಾತ್ರ ಆ ರೇಟಿಗೆ ಹೋಯ್ತು, ಎಂಬತ್ತು ಹಬ್ಬದ ರೇಟಿಗೇ ಹೋಯ್ತು. ಅದಕ್ಕೆ ಬದಲಾಗಿ ಮಂಡೀಲಿ ಕೇಳೋರಿಲ್ಲದ ವಾರಗಳಲ್ಲೂ ನನ್ನ ಇಪ್ಪತ್ತು ಕೆ.ಜಿ.ಗೆ 60 ಸಿಕ್ಕಿದೆ. ಹಬ್ಬ ವರ್ಷಕ್ಕೆ ಎಷ್ಟು ದಿನ, ಉಳಿದ ದಿನ ಎಷ್ಟು, ಎಣಿಸಿ. ಹಬ್ಬದ ದಿನ ಕೈಕೊಟ್ಟು ಮಂಡಿಗೆ ಓಡೋರು ದಯವಿಟ್ಟು ಇದಕ್ಕೆ ಬರಬೇಡಿ. ಅಂಥೋರು ಒಬ್ಬರು ಬಂದ್ರೂ ಆ ಅಂಗಡಿ ಬಾಗಿಲು ನಮ್ಮೂರಿನ ಎಲ್ಲರಿಗೂ ಮುಚ್ಚುತ್ತೆ.

ಬರೋರು ಇದ್ರೆ: ಸೋಮವಾರ, ಗುರುವಾರ ಮೊದಲ ಬಸ್ಸು. ಹಿಂದಿನ ಸಂಜೆ ನಮ್ಮ ಶೆಡ್ಡಲ್ಲಿ ಆರಿಸೋದು, ತೂಕ ಎಲ್ಲರ ಎದುರಿಗೆ, ಮುದ್ರೆ ಹಾಕಿಸಿದ ತಕ್ಕಡೀಲಿ. ಒಬ್ಬರಿಗೆ ಹತ್ತು ಕೆ.ಜಿ. ಮೇಲೆ ಬೇಡ, ಉಪ್ಪಾರಪೇಟೇಲಿ ಇನ್ನೂ ನಾಲ್ಕು ಅಂಗಡಿಯವರು ಕೇಳಿದ್ದಾರೆ ಅಷ್ಟೇ. ಕ್ರೇಟು ನನ್ನ ಹತ್ರ ಆರು ಇವೆ, ಇನ್ನೂ ಬೇಕು. ಈ ವಾರ ಬಾಳೆ ಕಡಿಯೋರು ಪಟ್ಟೆ ಎಸೀಬೇಡಿ, ಹುಡುಗನ್ನ ಕಳಿಸ್ತೀನಿ.