ಪ್ಲಿಮತ್ತಿನ ಒಲೆಯೂ ಲಂಡನ್ನಿನ ಲೆಕ್ಕವೂ

ಅಮೆರಿಕದ ಮ್ಯಾಸಚೂಸೆಟ್ಸ್ ಕಡಲತಡಿಯಲ್ಲಿ ಪ್ಲಿಮತ್ ಎಂಬ ಊರಿದೆ. 1620ರಲ್ಲಿ ‘ಮೇಫ್ಲವರ್’ ಹಡಗಿನಲ್ಲಿ ಇಂಗ್ಲೆಂಡಿನಿಂದ ಬಂದ 102 ಮಂದಿ ನೆಲೆಯೂರಿದ ಜಾಗ ಅದು. ಅವರ ಬಾಳನ್ನು ತೋರಿಸಲೆಂದು 1947ರಲ್ಲಿ ಅಲ್ಲಿ ಒಂದು ವಸ್ತುಸಂಗ್ರಹಾಲಯ ಹುಟ್ಟಿತು. ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಸಾಮಾನು ಇಟ್ಟು ಕಾಯುವ ಬಗೆಯದಲ್ಲ. ಹುಲ್ಲುಮಾಡಿನ ಮನೆಗಳನ್ನೇ ಕಟ್ಟಿದ್ದಾರೆ. ಅಂದಿನ ಉಡುಪು ತೊಟ್ಟ ಗಂಡಸರು ಹೆಂಗಸರು ಒಲೆ ಹಚ್ಚುತ್ತಾರೆ, ತೋಟ ಅಗೆಯುತ್ತಾರೆ, ಬಂದವರೊಡನೆ ಅಂದಿನವರಂತೆಯೇ ಮಾತಾಡುತ್ತಾರೆ. ಇದನ್ನು ನಾವು ಹಳಿಯುವುದಿಲ್ಲ. ಕಸುಬನ್ನು ಕಣ್ಣಾರೆ ಕಂಡ ಮಗು ಹತ್ತು ಪಾಠಗಳಿಗಿಂತ ಹೆಚ್ಚು ಕಲಿಯುತ್ತದೆ. ಸೀಮೆಸುಣ್ಣ ಹಿಡಿದು ಬಲ್ಲವರ ಮಾತಿದು.

ಆದರೆ ಒಲೆ ನೋಡಿದವರು ಲೆಕ್ಕದ ಪುಸ್ತಕವನ್ನೂ ಕೇಳಬೇಕು. ಆ ಪಯಣಕ್ಕೆ ಹಣ ಹಾಕಿದವರು ಲಂಡನ್ನಿನ ವರ್ತಕರು. ಏಳು ವರ್ಷದ ಕರಾರು. ದುಡಿದದ್ದೆಲ್ಲ ಒಂದೇ ಗಂಟಿಗೆ ಸೇರಿ ಕೊನೆಗೆ ಪಾಲಾಗಬೇಕು. ವಾರಕ್ಕೆ ಎರಡು ದಿನ ಸ್ವಂತ ದುಡಿಮೆಗೆ ಎಂದು ಮೊದಲು ಮಾತಾಗಿತ್ತು. ಹಡಗು ಹೊರಡುವ ಮುಂಚೆಯೇ ವರ್ತಕರು ಆ ಮಾತನ್ನು ಹೊಡೆದುಹಾಕಿಸಿದರು. ಮೊದಲ ಚಳಿಗಾಲದಲ್ಲಿ ಸುಮಾರು ಅರ್ಧ ಜನ ಸತ್ತರು. 1621ರಲ್ಲಿ ಹಡಗು ಬರಿದಾಗಿ ಹಿಂದಿರುಗಿತು. ವರ್ತಕರ ಮುಂದಾಳು ಥಾಮಸ್ ವೆಸ್ಟನ್ ಬರೆದ ಕಾಗದದಲ್ಲಿ ಇದ್ದುದು ಗದರಿಕೆ: ಸರಕೇಕೆ ಬರಲಿಲ್ಲ? ಹೆಣ ಹೂಳಿ ಕೈಸೋತವರಿಗೆ ಬಂದ ಕಾಗದ! ಸಾಹುಕಾರನ ಆಳನ್ನು ಅಂಗಡಿಯ ಬಾಗಿಲಲ್ಲಿ ಕಂಡಿರುವ ನಮ್ಮ ವಾಚಕರಿಗೆ ಈ ಧಾಟಿ ಹೊಸದಲ್ಲ. ಮುಂದೆ ಬೀವರ್ ತೊಗಲೂ ಮರದ ಹಲಗೆಯೂ ತುಂಬಿ ಕಳಿಸಿದ ಹಡಗನ್ನು ಫ್ರೆಂಚರು ದೋಚಿದರು. ಕೊನೆಗೆ ವರ್ತಕರ ಪಾಲನ್ನು 1800 ಪೌಂಡಿಗೆ ಬಿಡಿಸಿಕೊಂಡು, ವರ್ಷಕ್ಕೆ 200ರಂತೆ ಕಟ್ಟಲು ಒಪ್ಪಿದರು. ಸಾಲದಿಂದ ಪೂರ್ತಿ ಬಿಡುಗಡೆಯಾದದ್ದು 1640ರ ದಶಕದಲ್ಲಿ.

ಇನ್ನು ನೆಲದ ಲೆಕ್ಕ. ಆ ಜಾಗ ವಾಂಪನೋಗ್ ಜನರ ಪಟಕ್ಸೆಟ್ ಎಂಬ ಊರು. 1616ರಿಂದ 1619ರವರೆಗಿನ ಸಾಂಕ್ರಾಮಿಕದಲ್ಲಿ ಊರಿಗೆ ಊರೇ ಅಳಿಯಿತು. ಆ ಊರಿನ ಟಿಸ್ಕ್ವಾಂಟಮ್ ಎಂಬವನನ್ನು 1614ರಲ್ಲಿ ಇಂಗ್ಲಿಷ್ ಕಪ್ತಾನನೊಬ್ಬ ಹಿಡಿದು, ಗುಲಾಮನಾಗಿ ಮಾರಲು ಸ್ಪೇನಿಗೆ ಒಯ್ದಿದ್ದ. ಅವನು ಹೇಗೋ ಮರಳಿದಾಗ ತನ್ನವರು ಯಾರೂ ಉಳಿದಿರಲಿಲ್ಲ. ಮೀನನ್ನು ಗೊಬ್ಬರವಾಗಿ ಹಾಕಿ ಮುಸುಕಿನ ಜೋಳ ಬೆಳೆಯುವುದನ್ನು ವಲಸೆಗಾರರಿಗೆ ಕಲಿಸಿದವನು ಅವನೇ.

1970ರಲ್ಲಿ, 350ನೆಯ ವರ್ಷದ ಸಮಾರಂಭಕ್ಕೆ ಭಾಷಣಕಾರನೆಂದು ಕರೆದ ವಾಂಪನೋಗ್ ಮುಖಂಡ ಫ್ರಾಂಕ್ ಜೇಮ್ಸ್ ತನ್ನ ಜನರ ನೋವನ್ನು ಬರೆದುಕೊಟ್ಟಾಗ, ಅದನ್ನು ಓದಲು ಸಂಘಟಕರು ಬಿಡಲಿಲ್ಲ. ಅಂದಿನಿಂದ ಪ್ರತಿ ನವೆಂಬರಿನಲ್ಲಿ, ದೇಶ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮಾಡುವ ದಿನವೇ, ಆ ಊರಿನ ಗುಡ್ಡದ ಮೇಲೆ ಮೂಲನಿವಾಸಿಗಳು ಶೋಕದಿನ ಆಚರಿಸುತ್ತಾರೆ.

ಸಂಗ್ರಹಾಲಯ ಏನೂ ಕಲಿತಿಲ್ಲವೆಂದರೆ ಅನ್ಯಾಯವಾದೀತು. ಅಲ್ಲಿನ ವಾಂಪನೋಗ್ ಬಿಡಾರದಲ್ಲಿರುವ ಮೂಲನಿವಾಸಿಗಳು ಪಾತ್ರ ಕಟ್ಟುವುದಿಲ್ಲ. ಇಂದಿನ ಮನುಷ್ಯರಾಗಿಯೇ ಮಾತಾಡುತ್ತಾರೆ. 2020ರಲ್ಲಿ ಸಂಸ್ಥೆಯ ಹೆಸರಿಗೆ ಪಟಕ್ಸೆಟ್ ಸೇರಿತು. ಅದಕ್ಕೂ ಮೊದಲು, 2016ರಲ್ಲಿ, ಹಗಲೆಲ್ಲ ಹಳೆಯ ವೇಷದಲ್ಲಿ ದುಡಿಯುವ ನೌಕರರು ಮತ ಹಾಕಿ ಕಾರ್ಮಿಕ ಸಂಘ ಕಟ್ಟಿಕೊಂಡರು. ಕರಾರಿನಿಂದ ಹೊಡೆದುಹೋದ ಆ ಎರಡು ದಿನಗಳ ವಿಷಯವನ್ನು ಅಲ್ಲಿಗೆ ಹೋದವರು ಅವರನ್ನೇ ಕೇಳಲಿ.