ಕೋಷ್ಟಕದಲ್ಲಿ ಬೆಳೆದ ಫಲ

ಪದವಿ ಕಾಲೇಜುಗಳಲ್ಲಿ ಈಗ ‘ಕಲಿಕೆಯ ಫಲ’ದ ಪಾರಾಯಣ ನಡೆದಿದೆ. ಪಾಠದಿಂದ ವಿದ್ಯಾರ್ಥಿಗೆ ಏನು ಬರಬೇಕೆಂದು ಬರೆದಿಡಬೇಕು, ಬಂದಿತೋ ಇಲ್ಲವೋ ಅಳೆಯಬೇಕು. 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಸಂಸ್ಥೆ ಇದನ್ನು ಕೇಳುತ್ತದೆ. ಕೇಳುವುದು ನ್ಯಾಯವೇ. ಆದರೆ ಹಳೆಯ ಪರೀಕ್ಷೆಯ ಅಂಕಗಳನ್ನೇ ಕೋಷ್ಟಕಕ್ಕೆ ಇಳಿಸಿದರೆ ಫಲ ಸಿದ್ಧ!

ಶರಣಸಿರಸಗಿಯಿಂದ ಕಲಬುರಗಿಗೆ ಬಂದು ಓದುವ ರೈತನ ಮಗಳೊಬ್ಬಳು ವಾಣಿಜ್ಯಶಾಸ್ತ್ರದಲ್ಲಿ ಪಾಸಾದಳೆನ್ನಿ. ಅಪ್ಪ ತೊಗರಿ ಮಾರಿ ತಂದ ಅಡತಿ ಪಟ್ಟಿಯಲ್ಲಿ ತೂಕ, ಹಮಾಲಿ, ಕಡಿತಗಳನ್ನು ಲೆಕ್ಕ ಹಾಕಿ, ಮನೆಗೆ ಬರಬೇಕಾದ ಹಣವೆಷ್ಟೆಂದು ಹೇಳಬಲ್ಲಳೇ? ಪಹಣಿಯ ತಪ್ಪು ತಿದ್ದಿಸಲು ತಹಸೀಲದಾರರಿಗೆ ಅರ್ಜಿ ಬರೆಯಬಲ್ಲಳೇ? ಆ ಪಟ್ಟಿಯೇ ಪ್ರಶ್ನೆಪತ್ರಿಕೆಯಾಗಲಿ. ಬರಬೇಕಾದ ಫಲವೇನೆಂದು ಮೊದಲ ದಿನವೇ ಕನ್ನಡದಲ್ಲಿ ಅವಳ ಕೈಗೆ ಕೊಡಲಿ. ಬಾರದಿದ್ದರೆ ಮತ್ತೆ ಕಲಿಸುವವರು ಯಾರು? ವರುಷ ಮುಗಿದೊಡನೆ ಕೆಲಸ ಕಳೆದುಕೊಳ್ಳುವ ಅತಿಥಿ ಉಪನ್ಯಾಸಕರೇ? ಸರಕಾರ ಮೊದಲು ಖಾಯಂ ಹುದ್ದೆಗಳನ್ನು ತುಂಬಲಿ.