ಕಲ್ಯಾಣದ ಕತ್ತಿ, ಕಾಲುವೆಯ ತೂಬು

ಹೂಲಿಯಿಂದ ಸವದತ್ತಿ, ಬೈಲಹೊಂಗಲಗಳನ್ನು ದಾಟಿ ಕಿತ್ತೂರಿನ ಕಡೆಗೆ ನಡೆದರೆ ಶರಣರ ರಕ್ತ ಬಿದ್ದ ನೆಲ ಎದುರಾಗುತ್ತದೆ. ಕಾದರವಳ್ಳಿಯಲ್ಲಿ ಉಳವಿಯತ್ತ ಹೊರಟಿದ್ದ ಶರಣರಿಗೂ ಬೆನ್ನಟ್ಟಿ ಬಂದ ಸೈನ್ಯಕ್ಕೂ ಘೋರ ಕಾಳಗವಾಯಿತೆಂದು ಹಿರಿಯರು ಹೇಳುತ್ತಾರೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಒಡಲಲ್ಲಿಯೇ ಗಂಗಾಂಬಿಕೆ ತಾಯಿಯ ಐಕ್ಯಸ್ಥಳವಿದೆ. ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರದು. ಇವರಾರೂ ಬಿಜ್ಜಳನ ಮೇಲೆ ಕತ್ತಿಯೆತ್ತಿದವರಲ್ಲ.

ಎತ್ತಿದವರು ಜಗದೇವ, ಮೊಲ್ಲೆಬೊಮ್ಮಣ್ಣರೆಂಬುದು ಸಂಪ್ರದಾಯದ ಮಾತು. ಹರಳಯ್ಯ, ಮಧುವರಸರ ಮಕ್ಕಳ ವಿವಾಹವನ್ನು ಸಹಿಸದ ಅರಸನು ಆ ಇಬ್ಬರು ತಂದೆಯರಿಗೆ ಎಳೆಹೂಟೆಯ ಶಿಕ್ಷೆ ವಿಧಿಸಿದನು. ಅದಕ್ಕೆ ಪ್ರತಿಯಾಗಿ ಅರಸನ ಕೊಲೆಯಾಯಿತು. ಆ ಕೊಲೆಯ ಬೆಲೆಯನ್ನು ತೆತ್ತವರು ಮಾತ್ರ ಬೇರೆಯವರು. ಮನೆಯಲ್ಲಿ ಮಕ್ಕಳಿಗೆ ಈ ಕಥೆಯನ್ನು ಹೇಳುವಾಗ ನಾವು ಜಗದೇವನಲ್ಲಿಗೆ ಬಂದೊಡನೆ ದನಿಯೇರಿಸುತ್ತೇವೆ. ನಾನೂ ಏರಿಸಿದವನೇ. ಆದರೆ 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರು ತಮ್ಮ ಮನೆಯಲ್ಲಿಯೇ ಗುಂಡಿಗೆ ಬಲಿಯಾದ ಮೇಲೆ ಆ ದನಿ ನನ್ನ ಗಂಟಲಿನಿಂದ ಹೊರಡುತ್ತಿಲ್ಲ. ಗುಂಡು ಹಾರಿಸಿದ ಕೈಗೂ ತನ್ನದೊಂದು ಸಮರ್ಥನೆ ಇದ್ದೇ ಇರಬೇಕಲ್ಲವೆ?

ಹಾಗೆಂದು ಕೊಂದವನನ್ನು ನಿಂದಿಸಿ ಕೈ ತೊಳೆದುಕೊಂಡರೆ ಲೆಕ್ಕ ಚುಕ್ತಾ ಆಗುವುದಿಲ್ಲ. ಅರಸನ ಕಿವಿಯೂದಿದವರಿದ್ದರು, ಆನೆಯ ಕಾಲಿಗೆ ಶರಣರನ್ನು ಕಟ್ಟುವಾಗ ಬೀದಿಯ ಇಕ್ಕೆಲದಲ್ಲಿ ನಿಂತು ನೋಡಿದವರಿದ್ದರು. ಅವರ ಪಾಲಿನ ಹೊಣೆಯನ್ನು ಯಾವ ಪುರಾಣಕಾರನೂ ಬರೆದಿಡಲಿಲ್ಲ.

ಈ ನಿಂತು ನೋಡಿದವರ ಹೊಣೆಯನ್ನೇ ನಮ್ಮ ಕಾಲದಲ್ಲಿ ಎತ್ತಿ ಆಡಿದವರು ಟೆಡ್ ಹಾಂಡರಿಚ್. ಕೆನಡಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ತತ್ವಶಾಸ್ತ್ರ ಬೋಧಿಸಿದ ಇವರು, 2001ರ ಸೆಪ್ಟೆಂಬರ್ 11ರ ಅಮೆರಿಕದ ದಾಳಿಯ ತರುವಾಯ, 2002ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅಂದು ಶ್ರೀಮಂತ ರಾಷ್ಟ್ರಗಳಲ್ಲಿ ಮನುಷ್ಯನ ಸರಾಸರಿ ಆಯುಷ್ಯ ಎಪ್ಪತ್ತೆಂಟರ ಆಸುಪಾಸಿನಲ್ಲಿತ್ತು. ಆಫ್ರಿಕದ ಕೆಲವು ಬಡ ರಾಷ್ಟ್ರಗಳಲ್ಲಿ ನಲವತ್ತರ ಆಸುಪಾಸು. ಈ ಕಳೆದುಹೋದ ಆಯುಷ್ಯಕ್ಕೆ, ಮಾಡಬಹುದಾದುದನ್ನು ಮಾಡದೆ ಉಂಡು ಮಲಗಿದವರೂ ಹೊಣೆಗಾರರೆಂದು ಅವರು ವಾದಿಸಿದರು. ಅಮೆರಿಕದ ದಾಳಿಯನ್ನು ಅವರು ತಪ್ಪೆಂದೇ ಹೇಳಿದರು. ಆದರೆ ಪ್ಯಾಲೆಸ್ತೀನಿಯರ ಭಯೋತ್ಪಾದನೆಗೆ ನೈತಿಕ ಹಕ್ಕಿದೆಯೆಂದೂ ಬರೆದರು. ಆ ಪುಸ್ತಕದ ಗೌರವಧನದಿಂದ ಅವರು ಕೊಡಬಯಸಿದ ಐದು ಸಾವಿರ ಪೌಂಡುಗಳನ್ನು ಬಡತನದ ವಿರುದ್ಧ ದುಡಿಯುವ ಆಕ್ಸ್‌ಫ್ಯಾಮ್ ಸಂಸ್ಥೆಯೇ ನಿರಾಕರಿಸಿತು. ಅವರ ಮೊದಲ ಮಾತನ್ನು ನಾನು ಒಪ್ಪುತ್ತೇನೆ. ಎರಡನೆಯದಕ್ಕೆ ನನ್ನ ಮನಸ್ಸು ಒಪ್ಪದು. ಅನ್ಯಾಯ ಎಷ್ಟೇ ದೊಡ್ಡದಿರಲಿ, ಬಸ್ಸಿನಲ್ಲಿ ಕುಳಿತ ಕೂಸು ಅದಕ್ಕೆ ತಲೆ ಕೊಡಬೇಕಾಗಿಲ್ಲ.

ಮೊದಲ ಮಾತು ಶರಣರ ಮನೆಯಲ್ಲಿ ಹಳೆಯದೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನಾಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ತಂದರು. ಕದ್ದದ್ದಲ್ಲ, ಬೇಡಿದ್ದೂ ಅಲ್ಲ. ಆದರೂ ಲಕ್ಕಮ್ಮ ತಾಯಿ ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರಬೇಕೆಂದು ಗಂಡನನ್ನು ಮರಳಿ ಕಳುಹಿಸಿದರು.

ದೂರದ ದೇಶದ ಮಾತು ನಮಗೇಕೆ ಎನ್ನುವವರಿಗೆ ನವಿಲುತೀರ್ಥದ ಅಣೆಕಟ್ಟು ಹತ್ತಿರದಲ್ಲಿಯೇ ಇದೆ. ಆ ನೀರಿನ ಕಾಲುವೆಗಳ ಹೆಸರಿನಲ್ಲಿ ಬೆಟರ್‌ಮೆಂಟ್ ಲೆವಿ ಹೇರಿದಾಗ, ನೀರನ್ನೇ ಕಾಣದ ಹೊಲದವನೂ ಕರ ಕಟ್ಟಬೇಕಾಯಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಆ ಸಿಟ್ಟು ಸಿಡಿಯಿತು. ಗೋಲಿಬಾರಿನಲ್ಲಿ ರೈತರು ಸತ್ತರು. ನರಗುಂದದಲ್ಲಿ ರೊಚ್ಚಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಹುತಾತ್ಮ ರೈತರಿಗೆ ನಾವು ಪ್ರತಿವರ್ಷ ಹೂಮಾಲೆ ಹಾಕುತ್ತೇವೆ, ಹಾಕಲೇಬೇಕು. ಸತ್ತ ಪೊಲೀಸರ ಮನೆಯವರನ್ನು ಯಾರೂ ನೆನೆಯುವುದಿಲ್ಲ.

ತಪ್ಪು ಸರಕಾರದ್ದೆಂದು ಅಂದು ಎಲ್ಲರೂ ಅಂದೆವು. ಅದು ಸುಳ್ಳಲ್ಲ. ಆದರೆ ನಮ್ಮ ಮನೆತನದ ಒಂದು ಹೊಲ ಕಾಲುವೆಯ ಮೇಲ್ಭಾಗದಲ್ಲಿತ್ತು. ಅದರ ಹಿಂದಿನ ಹಿಂಗಾರಿಯಲ್ಲಿ ನಮ್ಮ ಪಾಳಿ ಮುಗಿದ ಮೇಲೂ ರಾತ್ರಿಯೆಲ್ಲ ನೀರು ಹಾಯಿಸಿಕೊಂಡೆವು. ಕೆಳಗಿನ ಹೊಲದವನೊಬ್ಬ ಬೆಳಗಿನ ಜಾವ ಬಂದು ಬದುವಿನ ಮೇಲೆ ಮಾತಿಲ್ಲದೆ ನಿಂತಿದ್ದನು. ನಮ್ಮ ತಂದೆಯವರು ಅವನಿಗೆ ಚಹಾ ಕೊಡಿಸಿದರು. ತೂಬನ್ನು ಮುಚ್ಚಲಿಲ್ಲ.